ಕೆರೆಗೆ ಉಸಿರು ಕಟ್ಟಿದ ಬೆಳಗು

ನನ್ನ ಗಂಡನಿಗೆ ಪಾರ್ಶ್ವವಾಯು ಬಡಿದಾಗ ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ: ಪಾರ್ಸೆಲ್. ಮುಂಬಯಿ ಹತ್ತಿರದ ಠಾಣೆಯಲ್ಲಿ, ನೌಪಾಡಾದ ಹೋಟೆಲೊಂದರ ಗಲ್ಲಾದಲ್ಲಿ ಕೂತು ಅರ್ಧ ಆಯುಷ್ಯ ಅವರು ಅಡುಗೆಮನೆಯ ಕಡೆಗೆ ಕೂಗುತ್ತಿದ್ದ ಶಬ್ದ ಅದು. ನೀರು ಬೇಕಾದರೂ ಪಾರ್ಸೆಲ್, ಬೆನ್ನು ತುರಿಸಿದರೂ ಪಾರ್ಸೆಲ್, ನನ್ನ ಮೇಲೆ ಸಿಟ್ಟು ಬಂದರೂ ಪಾರ್ಸೆಲ್. ಕೆಲವರಿಗೆ ಹೀಗೆ ಒಂದು ಮಾತು ಉಳಿದುಬಿಡುತ್ತದೆ, ಯಾವುದು ಉಳಿಯುತ್ತದೆಂದು ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ನನ್ನ ಹೆಸರು ಉಳಿಯಬಾರದಿತ್ತೇ ಎಂದು ಆಗೀಗ ಅನಿಸುತ್ತಿತ್ತು. ಆಮೇಲೆ ಆ ಒಂದು ಶಬ್ದದಲ್ಲೇ ಹಸಿವು ಯಾವುದು, ನೋವು ಯಾವುದು ಎಂದು ಗುರುತು ಹಿಡಿಯುವುದನ್ನು ಕಲಿತೆ.

ಅವರ ಹಗಲೆಲ್ಲ ಕಳೆಯುತ್ತಿದ್ದದ್ದು ಕಿಟಕಿಯ ಹತ್ತಿರ. ನಮ್ಮ ಕಟ್ಟಡದ ಬೆನ್ನಿಗೇ ಒಂದು ಕೆರೆ. ಠಾಣೆಯವರ ಬಾಯಲ್ಲಿ ತಲಾವ್. ದೊಡ್ಡದೇನಲ್ಲ. ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಮೆಟ್ಟಿಲ ತುದಿಗೆ ಪುಟ್ಟ ಗುಡಿ, ಸುತ್ತ ವಾಕಿಂಗ್ ಮಾಡುವವರ ಹಾದಿ, ಆಚೆ ದಡದಲ್ಲಿ ಹೊಸ ಟವರುಗಳು. ಹೋಟೆಲಿಗೆ ಹತ್ತಿರದ ಬೇರೆ ಫ್ಲ್ಯಾಟುಗಳು ಸಿಗುತ್ತಿದ್ದರೂ ಇವರು ಹಟ ಹಿಡಿದು ಇದನ್ನೇ ಕೊಂಡಿದ್ದರು. ಹಗಲೆಲ್ಲ ಹೊಗೆ, ಗಿರಾಕಿ, ಗಲಾಟೆ. ಮನೆಗೆ ಬಂದ ಮೇಲಾದರೂ ಕಣ್ಣಿಗೆ ನೀರು ಕಾಣಬೇಕು ಅನ್ನುತ್ತಿದ್ದರು.

ಕಾಯಿಲೆಯ ಮೊದಲ ಬೇಸಿಗೆಯಲ್ಲಿ ಆ ನೀರೇ ನಮಗೆ ವೈರಿಯಾಯಿತು. ಬಣ್ಣದ ಡಬ್ಬ ಮಗುಚಿದ ಹಾಗೆ ಕೆರೆ ಹಸಿರಾಯಿತು, ಆಮೇಲೆ ಹಸಿರು ಕೊಳೆತು ಕಂದಾಯಿತು. ವಾಸನೆ ಎಷ್ಟೆಂದರೆ ಬಾಯಿಗೆ ಹಾಕಿದ ಗಂಜಿಯಲ್ಲೂ ಅದೇ ರುಚಿ. ನೊಣಗಳು ಬಂದವು. ತಮ್ಮ ಮುಖದ ಬಲಭಾಗದಲ್ಲಿ ಕೂತ ನೊಣ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾನು ಕಿಟಕಿ ಮುಚ್ಚಿದೆ. ಅವರು ಎಡಗೈಯಿಂದ ಗಾಜು ಬಡಿದರು. ತೆರೆದೆ, ವಾಸನೆಗೆ ವಾಂತಿಯಾಯಿತು. ಮತ್ತೆ ಮುಚ್ಚಿದೆ, ಮತ್ತೆ ಬಡಿದರು. ಆ ಬೇಸಿಗೆ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆ ಇಷ್ಟೇ.

ಭಾನುವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಒಂದಷ್ಟು ಜನ ಗಮ್‌ಬೂಟು ಹಾಕಿಕೊಂಡು ಕಸ ಎಳೆಯುವುದನ್ನು ಮೇಲಿನಿಂದ ನೋಡುತ್ತಿದ್ದೆ. ಒಂದು ಭಾನುವಾರ ಮಗಳು ಮನೆಯಲ್ಲಿದ್ದಳು. ಅಪ್ಪನನ್ನು ನೋಡಿಕೋ ಎಂದು ಅವಳಿಗೆ ಹೇಳಿ ಇಳಿದು ಹೋದೆ. ಸಮಾಜಸೇವೆ ಮಾಡಬೇಕೆಂದು ಹೋದವಳಲ್ಲ. ಆ ಕಿಟಕಿ ತೆರೆದಿಡಲು ಆಗಬೇಕು ಅಷ್ಟೇ ನನಗೆ ಬೇಕಾಗಿದ್ದದ್ದು.

ಅವರಿಗೆಲ್ಲ ಮುಂದಾಳು ಒಬ್ಬ ನಿವೃತ್ತ ಟೀಚರ್. ಇಲ್ಲಿ ಮರಾಠಿ ಶಾಲೆಯ ಹೆಂಗಸು ಟೀಚರನ್ನು ಬಾಯಿ ಎಂದು ಕರೆಯುವುದು ವಾಡಿಕೆ. ನಾವೂ ಹಾಗೇ ಕರೆಯುತ್ತಿದ್ದೆವು. ಕೆಮಿಸ್ಟ್ರಿ ಕಲಿಸಿದವರು. ತೆಳ್ಳಗೆ, ಎತ್ತರಕ್ಕೆ, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ ನೀರಿಗಿಳಿದಿದ್ದರು. ನನ್ನ ಕಾಲು ನೋಡಿ ಅವರು ಮೊದಲು ಆಡಿದ ಮಾತು, "ವಹಿನಿ, ಚಪ್ಪಲ್ ನಕೋ." ಅತ್ತಿಗೆ, ಚಪ್ಪಲಿಯಲ್ಲಿ ಇಳಿಯಬೇಡಿ ಎಂದು. ಗಾಜಿನ ಚೂರಿರುತ್ತದೆ, ಇಂಜೆಕ್ಷನ್ ಸೂಜಿಯೂ ಇರುತ್ತದೆ ಎಂದರು. ಯಾರದೋ ಗಮ್‌ಬೂಟು ತಂದು ಕೊಟ್ಟರು. ಬೂಟಿನ ಒಳಗೆ ಒದ್ದೆ.

ನೇರಳೆ ಹೂ ಬಿಡುವ, ಒಂದು ವಾರ ಬಿಟ್ಟರೆ ಇಡೀ ನೀರನ್ನು ಮುಚ್ಚಿಬಿಡುವ ಆ ಕಳೆಯನ್ನು ಎಳೆಯುವುದು, ಪೂಜೆಯ ಹೂ, ತೆಂಗಿನಕಾಯಿ, ಪ್ಲಾಸ್ಟಿಕ್ ಚೀಲ ಹೆಕ್ಕುವುದು, ಗಣಪತಿಯ ಒಳಗಿನ ತಂತಿ ಮತ್ತು ಹುಲ್ಲನ್ನು ಮೇಲೆತ್ತುವುದು, ಕೆಲಸ ಅಂದರೆ ಇದು. ಪೈಪುಗಳನ್ನು ಜೋಡಿಸಿ ತೆಪ್ಪ ಮಾಡಿ, ಅದರ ಮೇಲೆ ಬಲೆ ಬಿಗಿದು, ಕಾಬಾಳೆ ಗಿಡ ನೆಟ್ಟು ತೇಲಿಬಿಟ್ಟಿದ್ದೆವು. ಬೇರು ನೀರಿಗಿಳಿದು ಕೊಳೆಯನ್ನು ಹೀರುತ್ತದಂತೆ. ಗಿಡ ಚೆನ್ನಾಗಿ ಬಂತು, ಹೂವೂ ಬಿಟ್ಟಿತು. ಇದರ ಜೊತೆಗೆ ಕೆರೆಗೆ ಮೂವರು ಪಾಲುದಾರರಿದ್ದರು. ಪಾಲಿಕೆಯದು ಪರವಾನಗಿ, ಒಂದು ಕಾಲೇಜಿನದು ನೀರಿನ ಪರೀಕ್ಷೆ, ನವಿ ಮುಂಬಯಿಯ ರಬಾಳೆಯ ಒಂದು ಕಾರ್ಖಾನೆಯದು, ಅದರ ಸಮಾಜಸೇವೆಯ ಲೆಕ್ಕದಲ್ಲಿ, ಯಂತ್ರ. ಯಂತ್ರವೆಂದರೆ ಏರೇಟರ್, ನೀರನ್ನು ಮೇಲಕ್ಕೆ ಚಿಮ್ಮಿಸಿ ಅದಕ್ಕೆ ಗಾಳಿ ಕಲಸುವ ಮೋಟರು. ಅಂಥವು ಕೆರೆಯ ನಾಲ್ಕು ಕಡೆ ಕೂತವು.

ಕಾರ್ಖಾನೆಯಿಂದ ಇದನ್ನು ನೋಡಿಕೊಳ್ಳಲು ಬರುತ್ತಿದ್ದವನು ವಿಜಯಪುರ ಕಡೆಯ ತರುಣ ಅಧಿಕಾರಿ. ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕಿವಿಗೆ ಬಿದ್ದದ್ದೇ ಓಡಿ ಬಂದಿದ್ದ.

"ಅಕ್ಕಾರ, ನೀವು ನಮ್ಮ ಕಡೆಯವರೇನ್ರೀ?"

"ನಿಮ್ಮ ಕಡೆ ಅಲ್ಲ ಮಾರಾಯ, ಉಡುಪಿ ಕಡೆ."

"ಇರ್ಲಿ ಬಿಡ್ರೀ, ಕನ್ನಡ ಐತೆಲ್ಲಾ, ಸಾಕು."

ಅವನ ಕನ್ನಡ ನನಗೆ ಅರ್ಧ, ನನ್ನ ಕನ್ನಡ ಅವನಿಗೆ ಅರ್ಧ. ಉಳಿದದ್ದಕ್ಕೆ ಮುಂಬಯಿಯ ಹಿಂದಿ ಇತ್ತು.

ಆ ವರ್ಷದ ಚಳಿಗಾಲವೇ ನಮ್ಮ ಒಳ್ಳೆಯ ಕಾಲ. ಬಾಯಿ ಒಂದು ಗಾಜಿನ ಬಾಟಲಿಯಲ್ಲಿ ಕೆರೆಯ ನೀರು ತುಂಬಿ ಎರಡು ಬಗೆಯ ಔಷಧದ ಹನಿ ಬಿಟ್ಟು ತೋರಿಸುತ್ತಿದ್ದರು. ನೀರಿನಲ್ಲಿ ಪ್ರಾಣವಾಯು ಇದ್ದರೆ ಬಾಟಲಿಯ ತಳದಲ್ಲಿ ಕಂದು ಗಷ್ಟು ಕೂರುತ್ತದೆ, ಇಲ್ಲದಿದ್ದರೆ ಬಿಳಿ. ಮೊದಲು ಬಿಳಿಯೇ ಬರುತ್ತಿತ್ತು. ಚಳಿಗಾಲಕ್ಕೆ ಕಂದಾಯಿತು. ಆ ಕೊಳಕು ಬಣ್ಣವನ್ನು ನೋಡಿ ನಾವು ಚಪ್ಪಾಳೆ ತಟ್ಟಿದೆವು. ಮಿಂಚುಳ್ಳಿ ಬಂತು. ಕಾರ್ಖಾನೆಯವರು ಬ್ಯಾನರ್ ಕಟ್ಟಿ ಒಂದು ಸಮಾರಂಭ ಮಾಡಿ, ನಮ್ಮ ಕೈಗೆ ಸಸಿ ಕೊಟ್ಟು ಫೋಟೋ ತೆಗೆದರು. ಮನೆಯಲ್ಲಿ ಕಿಟಕಿ ಹಗಲಿಡೀ ತೆರೆದಿರುತ್ತಿತ್ತು. ನಾನು ಕೆಳಗಿನಿಂದ ಕೈ ಬೀಸಿದರೆ ಮೇಲಿನಿಂದ ಒಂದು ಎಡಗೈ ಅಲ್ಲಾಡುತ್ತಿತ್ತು.

ಫೆಬ್ರವರಿಯಲ್ಲಿ ಮೆಟ್ಟಿಲ ಪಕ್ಕದ ಮಳೆನೀರಿನ ಚರಂಡಿಯಿಂದ ಕಪ್ಪು ನೀರು ಬರಲು ಶುರುವಾಯಿತು. ಮಳೆಗಾಲವಲ್ಲ, ಮೋಡವಿಲ್ಲ, ಆದರೂ ಚರಂಡಿ ಹರಿಯುತ್ತಿತ್ತು. ಬೆಳಗಿನ ಹೊತ್ತು ಹೆಚ್ಚು, ಮಧ್ಯಾಹ್ನ ಕಡಿಮೆ. ಜನ ಸ್ನಾನಕ್ಕೆ, ಪಾಯಖಾನೆಗೆ ಹೋಗುವ ಹೊತ್ತಿಗೆ ಸರಿಯಾಗಿ. ಏನೆಂದು ಬಾಯಿ ಹೇಳಬೇಕಾಗಿರಲಿಲ್ಲ, ಮೂಗೇ ಹೇಳಿತು.

ಬಾಯಿ ಮತ್ತು ನಾನು ಚರಂಡಿಯ ಬೆನ್ನು ಹತ್ತಿದೆವು. ಮುಚ್ಚಳದಿಂದ ಮುಚ್ಚಳಕ್ಕೆ, ಬೆಳಿಗ್ಗೆ ಹಾಲು ತರುವವರ ನಡುವೆ ಬಗ್ಗಿ ಮೂಸುತ್ತ ಹೋಗುವ ಇಬ್ಬರು ಹೆಂಗಸರನ್ನು ನೋಡಿ ವಾಚ್‌ಮ್ಯಾನುಗಳು ನಕ್ಕರು. ಅದು ಆಚೆ ದಡದ ಒಂದು ಟವರಿನ ಗೇಟಿನ ಹತ್ತಿರ ಮುಗಿಯಿತು. ಅಲ್ಲಿಯ ಫ್ಲ್ಯಾಟಿನವರ ಸೊಸೈಟಿಯ ಸೆಕ್ರೆಟರಿ ಒಳ್ಳೆಯ ಮನುಷ್ಯ, ನಮ್ಮನ್ನು ಕೂರಿಸಿ ಚಹಾ ಕೊಟ್ಟ. ಏನನ್ನೂ ಮುಚ್ಚಿಡಲಿಲ್ಲ. ರಸ್ತೆಯ ಕೆಳಗಿನ ದೊಡ್ಡ ಗಟಾರದ ಲೈನು ಕುಸಿದಿದೆ, ಹೊಲಸೆಲ್ಲ ಹಿಂದಕ್ಕೆ ಬಂದು ನಮ್ಮ ಪಾರ್ಕಿಂಗಿನಲ್ಲಿ ತುಂಬುತ್ತಿತ್ತು, ಅದಕ್ಕೆ ಪಂಪು ಹಚ್ಚಿ ಮಳೆನೀರಿನ ಚರಂಡಿಗೆ ಬಿಡುತ್ತಿದ್ದೇವೆ ಎಂದ.

"ಆಂಟಿ, ಆಪ್ ಹೀ ಬತಾವೋ, ಕ್ಯಾ ಕರೇ ಹಮ್? ಊಪರ್ ಛೋಟೇ ಬಚ್ಚೇ ಹೈ, ಬೂಢೇ ಲೋಗ್ ಹೈ."

ಮೇಲೆ ಚಿಕ್ಕ ಮಕ್ಕಳಿದ್ದಾರೆ, ಮುದುಕರಿದ್ದಾರೆ, ನಾವೇನು ಮಾಡಬೇಕು ನೀವೇ ಹೇಳಿ ಎಂದು ಅವನೇ ನಮ್ಮನ್ನು ಕೇಳಿದ. ಕೂಗಾಡೋಣವೆಂದು ಬಂದವಳು ಅವನ ಚಹಾ ಕುಡಿದು ಎದ್ದೆ.

ವಾರ್ಡ್ ಆಫೀಸಿಗೆ ಹೋದೆವು. ಕೆರೆ ಒಂದು ಇಲಾಖೆ, ಗಟಾರ ಇನ್ನೊಂದು, ರಸ್ತೆ ಅಗೆಯುವುದು ಮತ್ತೊಂದು. ಮೂರು ಮೇಜುಗಳ ನಡುವೆ ಓಡಾಡಿ ಓಡಾಡಿ ಬೇಸಿಗೆ ಬಂತು. ಆಗಲೇ ವಿಜಯಪುರದ ಹುಡುಗ ಒಂದು ಸಂಜೆ ಬಂದು ಮೆಟ್ಟಿಲ ಮೇಲೆ ಕೂತ. ಬೂಟು ಹಾಕಿಕೊಳ್ಳಲಿಲ್ಲ.

"ಅಕ್ಕಾರ, ಹೆಂಗ ಹೇಳ್ಲಿ ತಿಳೀವಲ್ದು. ನಮ್ಮ ಸಾಹೇಬ್ರು ಈ ವರ್ಷ ಗಿಡಾ ಹಚ್ಚೂದು ಅಂತ ಠರಾವ್ ಮಾಡ್ಯಾರ್ರೀ. ಕೆರಿ ಕೆಲ್ಸಾ ಮುಗೀತಂತ."

"ಮುಗೀತು ಅಂದ್ರೆ ಎಂತದು? ಅಲ್ಲಿ ನೋಡು, ಚರಂಡಿ ಹರೀತಾ ಉಂಟು."

"ರಿಪೋರ್ಟ್‌ನ್ಯಾಗ ಸುಧಾರಣೆ ಆಗೇದ ಅಂತ ಬರದಾರ್ರೀ. ಚಳಿಗಾಲದ ಫೋಟೋ ಹಚ್ಚ್ಯಾರ."

ನಾನು ಮರಾಠಿಯಲ್ಲಿ ಬಾಯಿಗೆ ಹೇಳಿದೆ. ಆ ಫೋಟೋದಲ್ಲಿ ನಾವೂ ನಗುತ್ತ ನಿಂತಿದ್ದೆವು.

ಯಂತ್ರಗಳನ್ನು ನೋಡುವವರಿಲ್ಲವಾಯಿತು. ಒಂದರಲ್ಲಿ ಚೀಲ ಸಿಕ್ಕಿ ನಿಂತಿತು, ಇನ್ನೊಂದು ಸುಮ್ಮನೆ ಗುಂಯ್‌ಗುಡುತ್ತಿತ್ತು. ಭಾನುವಾರ ಬರುವವರು ಕಡಿಮೆಯಾದರು. ಒಬ್ಬರಿಗೆ ಕಾಲಿನಲ್ಲಿ ಹುಣ್ಣಾಯಿತು. ಇಬ್ಬರು ಕಾಲೇಜು ಹುಡುಗಿಯರು ಪರೀಕ್ಷೆ ಎಂದರು, ಪರೀಕ್ಷೆ ಮುಗಿದ ಮೇಲೂ ಬರಲಿಲ್ಲ. ಬಾಯಿ ಒಂದು ದಿನ ಬಾಟಲಿ ತುಂಬಿ, ಹನಿ ಬಿಟ್ಟು, ನನಗೆ ತೋರಿಸದೆ ಚೀಲಕ್ಕೆ ಹಾಕಿಕೊಂಡರು. ಬಿಳಿ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಮೇ ಕೊನೆಯಲ್ಲಿ ಒಂದು ಸಂಜೆ ಗಾಳಿ ಗುಡುಗಿನೊಂದಿಗೆ ಅಕಾಲದ ಮಳೆ ಜಡಿಯಿತು. ಬೀದಿಯ ಕೊಳೆಯೆಲ್ಲ ತೊಳೆದುಕೊಂಡು ಚರಂಡಿ ಕೆರೆಗಿಳಿಯಿತು. ಕರೆಂಟು ಹೋಯಿತು. ಮರುದಿನ ಬೆಳಿಗ್ಗೆಯೂ ಬಂದಿರಲಿಲ್ಲ. ಮೋಡ ಮುಸುಕಿ, ಗಾಳಿಯೇ ಇಲ್ಲದೆ, ಗೋಡೆಯೂ ಬೆವರುವಂಥ ಸೆಖೆ.

ನಾನು ಅಡುಗೆಮನೆಯಲ್ಲಿ ಅವರ ಗಂಜಿಗೆ ಉಪ್ಪು ಹಾಕುತ್ತಿದ್ದೆ. ಸ್ಟೀಲ್ ಲೋಟದಿಂದ ಗಾಜಿಗೆ ಬಡಿಯುವ ಸದ್ದು ಕೇಳಿತು. ಹೀಗೆ ಅವರು ಯಾವತ್ತೂ ಬಡಿದಿರಲಿಲ್ಲ. ಓಡಿ ಹೋದೆ.

"ದಾದ ಆಂಡ್?" ಏನಾಯಿತೆಂದು ತುಳುವಿನಲ್ಲಿ ಕೇಳಿದೆ.

"ಪಾರ್ಸೆಲ್! ಪಾರ್ಸೆಲ್! ಪಾರ್ಸೆಲ್!"

ಕೆಳಗೆ ನೋಡಿದೆ. ಕೆರೆಯ ಮೇಲೆ ಮಳೆ ಬೀಳುತ್ತಿತ್ತು. ಹನಿ ಬಿದ್ದಲ್ಲೆಲ್ಲ ಪುಟ್ಟ ಉಂಗುರ, ಇಡೀ ನೀರು ಕದಲುತ್ತಿತ್ತು. ಆದರೆ ನಮ್ಮ ಕಿಟಕಿಯ ಸಜ್ಜಾ ಒಣಗಿತ್ತು, ದಾರಿಯಲ್ಲಿ ಒಬ್ಬರೂ ಕೊಡೆ ಹಿಡಿದಿರಲಿಲ್ಲ. ಮಳೆ ಇರಲಿಲ್ಲ. ಅವು ಬಾಯಿಗಳು. ಕೆರೆಯಲ್ಲಿದ್ದ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಗಾಳಿ ಕಚ್ಚುತ್ತಿದ್ದವು.

ಟೀಚರ್ ಬಾಯಿಗೆ ಫೋನು ಮಾಡಿದೆ. ಅವರು ಆಗಲೇ ದಡದಲ್ಲಿದ್ದರು. "ವಹಿನಿ, ಭಾಂಡೀ ಆಣಾ. ಮೋಠೀ ಭಾಂಡೀ," ಎಂದು ಕೂಗಿದರು. ದೊಡ್ಡ ಪಾತ್ರೆಗಳು ಬೇಕು ಎಂದು. ಮಗಳು ಆಫೀಸಿಗೆ ಹೊರಟು ನಿಂತಿದ್ದಳು, ನವಿ ಮುಂಬಯಿಯ ಗಾಡಿ ಹಿಡಿಯಬೇಕಿತ್ತು.

"ಮಮ್ಮೀ, ಪಾಗಲ್ ಹೋ ಗಯೀ ಹೈ ಕ್ಯಾ? ಪಪ್ಪಾ ಕೋ ಕೌನ್ ದೇಖೇಗಾ? ಮಛಲೀ ಕೇ ಲಿಯೇ?"

ನಿನಗೆ ಹುಚ್ಚೇ, ಅಪ್ಪನನ್ನು ಯಾರು ನೋಡಿಕೊಳ್ಳುತ್ತಾರೆ, ಮೀನಿಗಾಗಿಯೇ ಎಂದು ಅವಳು ಕೇಳಿದ್ದು ತಪ್ಪಲ್ಲ. ನಾವು ಮೀನು ತಿನ್ನುವ ಜನ. ಬಂಗುಡೆ ಕತ್ತರಿಸುವಾಗ ನನಗೆ ಯಾವತ್ತೂ ಕೈ ನಡುಗಿದ್ದಿಲ್ಲ. ಆಗ ನನ್ನ ಗಂಡ ಕುರ್ಚಿಯಿಂದ ಬಗ್ಗಿ, ನನ್ನ ಸೊಂಟಕ್ಕೆ ಎಡಗೈ ಕೊಟ್ಟು ಬಾಗಿಲ ಕಡೆಗೆ ದೂಡಿದರು. ಇನ್ನೊಮ್ಮೆ ದೂಡಿದರು. ಮಗಳು ಅದನ್ನು ನೋಡಿ ಹೆಗಲಿನ ಬ್ಯಾಗನ್ನು ಸೋಫಾದ ಮೇಲೆ ಎಸೆದಳು. ನಾನು ಇಳಿದೆ.

ಕಟ್ಟಡದ ಮೆಟ್ಟಿಲಿನಿಂದಲೇ ಹೋಟೆಲಿಗೆ ಫೋನು ಮಾಡಿದೆ. ಅಲ್ಲಿಯ ಈಗಿನ ಧಣಿ ನನ್ನ ಗಂಡನ ಕೈಕೆಳಗೆ ಸಪ್ಲಯರ್ ಆಗಿ ಸೇರಿದ್ದವನು. "ಅತ್ತಿಗೆ, ಎಂತ ಬೇಕು ಹೇಳಿ," ಅಂದ. ದೊಡ್ಡ ಪಾತ್ರೆ ಎಷ್ಟಿದೆಯೋ ಅಷ್ಟು ಅಂದೆ. ಯಾಕೆಂದು ಕೇಳಲಿಲ್ಲ.

ದಡದಲ್ಲಿ ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದ, ಎಲ್ಲರೂ ಕಾಕಾ ಎನ್ನುವವನು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ. ಮರಿ ಬಿಟ್ಟು ಸಾಕಿ ಮಾರುವವನು; ಮೇವು ಹಾಕಿ ಕೆರೆ ಕೆಡಿಸುತ್ತಾನೆಂದು ನಾವು ಒಮ್ಮೆ ಅವನ ಜೊತೆ ಜಗಳವಾಡಿದ್ದೆವು. ಆ ಬೆಳಿಗ್ಗೆ ಅವನು ನಮ್ಮ ಮುಖ ನೋಡಲಿಲ್ಲ. ಬಾಯಿ ಎಲ್ಲರ ಕೈಗೂ ಒಂದೊಂದು ಮಗ್ಗು, ಬಕೆಟ್ ಕೊಟ್ಟು, ಕೆರೆಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯಲು ಹೇಳಿದರು. ನೀರು ಬೀಳುವಾಗ ಗಾಳಿ ಸೇರುತ್ತದೆ. ವಾಕಿಂಗಿಗೆ ಬಂದವರು, ಗುಡಿಗೆ ಬಂದವರು, ನಾವು, ಎಲ್ಲರೂ ಮೆಟ್ಟಿಲ ಸಾಲಿನಲ್ಲಿ ನಿಂತು ಕಾಫಿ ಆರಿಸುವ ಹಾಗೆ ಕೆರೆಯನ್ನು ಸುರಿದು ಸುರಿದು ಆರಿಸಿದೆವು. ಮೀನುಗಳು ನಮ್ಮ ಕಾಲ ಬಳಿಗೇ ಬಂದವು. ಆ ಒಂದು ಮಾರು ನೀರಿನಲ್ಲಿ ತಲೆಗೆ ತಲೆ ತಾಗಿಸಿ ಒತ್ತಿಕೊಂಡವು. ನಮ್ಮನ್ನು ನಂಬಿ ಬಂದವು ಎಂದು ನನಗೆ ಅನಿಸಿತು. ಅವು ನಂಬಲಿಲ್ಲ, ಗಾಳಿ ಇದ್ದಲ್ಲಿಗೆ ಬಂದವು ಅಷ್ಟೇ. ಆದರೂ ಹಾಗೆ ಅನಿಸಿತು.

ಹೋಟೆಲಿನ ಟೆಂಪೋ ಬಂತು. ಕೊಪ್ಪರಿಗೆ, ನೀಲಿ ಡ್ರಮ್ಮು, ಸಾಂಬಾರಿನ ದೊಡ್ಡ ಪಾತ್ರೆ. ಹೋಟೆಲಿನವರು ಒಳ್ಳೆಯದಾಗಲಿ ಎಂದು ಅವುಗಳಲ್ಲಿ ನೀರನ್ನೂ ತುಂಬಿಕೊಂಡೇ ಬಂದಿದ್ದರು. ಕಾಕಾ ಬಲೆ ಹಾಕಿ ರೋಹು, ಕಾಟ್ಲಾ ಹಿಡಿದು ಕೊಟ್ಟ, ನಾವು ತಬ್ಬಿ ತಂದು ಪಾತ್ರೆಗೆ ಬಿಟ್ಟೆವು. ಒಂದೊಂದೂ ನನ್ನ ಮೊಣಕೈ ಉದ್ದ. ಪಾತ್ರೆಗೆ ಬಿದ್ದದ್ದೇ ಅವು ಹುಚ್ಚು ಹಿಡಿದ ಹಾಗೆ ಸುತ್ತಿದವು, ಅಂಚಿಗೆ ಹೊಡೆದುಕೊಂಡವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮಗುಚಿದವು. ಬಾಯಿ ಬಂದು ಪಾತ್ರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿದರು.

"ಹೇ ನಳಾಚಂ ಪಾಣೀ ಆಹೇ!"

ನಲ್ಲಿಯ ನೀರು. ಶುದ್ಧ ಮಾಡಲು ಔಷಧ ಹಾಕಿದ, ನಾವು ದಿನವೂ ಕುಡಿಯುವ ನೀರು. ಮೊದಲೇ ಉಸಿರಿಗೆ ಒದ್ದಾಡುತ್ತಿದ್ದ ಮೀನಿಗೆ ಅದು ವಿಷವಾಯಿತು. ಹೋಟೆಲಿನಿಂದ ಬಂದವನೊಬ್ಬ, ಕುಂದಾಪುರ ಕಡೆಯ ಮಧ್ಯವಯಸ್ಸಿನ ಅಡುಗೆಯವನು, "ನಂಗೆ ಗೊತ್ತಿರ್ಲಿಲ್ಲ ಅಕ್ಕ, ನಂಗೆ ಗೊತ್ತಿರ್ಲಿಲ್ಲ," ಎಂದು ತಲೆಗೆ ಕೈ ಹೊತ್ತು ಕೂತುಬಿಟ್ಟ. ಯಾರಿಗೆ ಗೊತ್ತಿತ್ತು? ಗೊತ್ತಿದ್ದ ಬಾಯಿಗೆ ನೋಡಲು ಪುರುಸೊತ್ತಿರಲಿಲ್ಲ. ಪಾತ್ರೆಗಳನ್ನು ಬರಿದು ಮಾಡಿ, ಹಿಂದಿನ ಸಾಲುಮನೆಗಳ ಚಾಳಿನ ಬಾವಿಯಿಂದ ನೀರು ಸೇದಿ ಹೊತ್ತು ತಂದೆವು. ಚಾಳಿನ ಹೆಂಗಸರೂ ಕೊಡ ಹಿಡಿದು ಬಂದರು. ಅಷ್ಟರಲ್ಲಿ ದಡದ ಮೀನುಗಳ ಬಾಯಿ ನಿಧಾನವಾಗಿತ್ತು.

ವಿಜಯಪುರದ ಹುಡುಗನಿಗೆ ಮೊದಲೇ ಫೋನು ಹೋಗಿತ್ತು. ಕಂಪನಿಗೂ ಕೆರೆಗೂ ಆಗ ಸಂಬಂಧವೇ ಇರಲಿಲ್ಲ. ಆದರೂ ಅವನು ಕಾರ್ಖಾನೆಯ ಒಂದು ಜನರೇಟರನ್ನು ಯಾರನ್ನೂ ಕೇಳದೆ ಟೆಂಪೋಗೆ ಹಾಕಿಸಿ ಹೊರಟಿದ್ದ. ಐರೋಲಿಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ. ಅಲ್ಲಿಂದ ಮತ್ತೆ ಮತ್ತೆ ಫೋನು: "ಅಕ್ಕಾರ, ಇನ್ನೂ ಅದಾವೇನ್ರೀ? ಜೀವಂತ ಅದಾವೇನ್ರೀ?"

"ಉಂಟು, ಬೇಗ ಬಾ," ಅನ್ನುತ್ತಿದ್ದೆ.

ಅವನು ಬಂದು ತಂತಿ ಜೋಡಿಸಿದಾಗ ನಾಲ್ಕರಲ್ಲಿ ಒಂದೇ ಒಂದು ಯಂತ್ರ ತಿರುಗಿತು. ನೀರು ಚಿಮ್ಮಿತು. ದಡದಲ್ಲಿದ್ದವರೆಲ್ಲ ಕೂಗಿದರು. ಬದುಕಿದ್ದ ಮೀನೆಲ್ಲ ಆ ನೊರೆಯ ಕಡೆಗೆ ಹೊರಟವು. ಇಡೀ ಕೆರೆಯ ಮೀನು, ಒಂದು ಕೋಣೆಯಷ್ಟು ಜಾಗ. ಒಂದರ ಮೇಲೊಂದು ಹತ್ತಿದವು. ಕೆಳಗಿದ್ದವು ಕೆಳಗೇ ಉಳಿದವು. ಆಮೇಲೆ ಯಂತ್ರದ ಬಾಯಿಗೆ ಸತ್ತ ಮೀನು ಸಿಕ್ಕಿ ಅದೂ ನಿಂತಿತು. ಹುಡುಗ ಅಂಗಿ ಬಿಚ್ಚಿ ನೀರಿಗೆ ಹಾರಿದ. ಕೈ ಹಾಕಿ ಬಿಡಿಸಲು ನೋಡಿದ, ಅಂಗೈ ಕೊಯ್ದುಕೊಂಡ. ಕಾಕಾ ಅವನನ್ನು ತೋಳು ಹಿಡಿದು ಎಳೆದು ದಡಕ್ಕೆ ತಂದ.

ಮಧ್ಯಾಹ್ನದ ಹೊತ್ತಿಗೆ ಕೆರೆ ಬೆಳ್ಳಗಾಗಿತ್ತು. ಹೊಟ್ಟೆ ಮೇಲಾಗಿ ತೇಲುವ ಮೀನುಗಳ ನಡುವೆ ನೀರೇ ಕಾಣುತ್ತಿರಲಿಲ್ಲ. ಬಾವಿಯ ನೀರಿನ ಮೂರು ಡ್ರಮ್ಮುಗಳಲ್ಲಿ ಮಾತ್ರ ಬದುಕಿದವು ಇದ್ದವು. ಕಾಕಾ ಅವನ್ನು ಕಲ್ಯಾಣದ ಆಚೆ ತನ್ನ ಭಾವನ ಹೊಂಡಕ್ಕೆ ಸಾಗಿಸಿದ. ಟೆಂಪೋ ಹತ್ತುವ ಮೊದಲು ಬಾಯಿಯ ಮುಂದೆ ಬಂದು ನಿಂತ. ಬೈಯುತ್ತಾನೆಂದುಕೊಂಡೆ. ಅವರು ಕೊಟ್ಟಿದ್ದ ಬಕೆಟನ್ನು ಅವರ ಕಾಲ ಬಳಿ ಇಟ್ಟು ಟೆಂಪೋ ಹತ್ತಿದ.

ನಾನು ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಎಷ್ಟು ತೊಳೆದರೂ ಕೈಯ ಲೋಳೆ ಹೋಗಲಿಲ್ಲ. ಹೊರಗೆ ಮಗಳು ಅಪ್ಪನಿಗೆ ಗಂಜಿ ಕುಡಿಸಲು ನೋಡುತ್ತಿದ್ದಳು, ಅವರು ಬಾಯಿ ತೆರೆಯಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರು ಎಲ್ಲವನ್ನೂ ನೋಡಿದ್ದರು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಪಾಲಿಕೆಯ ಲಾರಿಗಳು ಬಂದು ಮೀನು ತುಂಬಿಕೊಂಡು ಹೋದವು. ಟಿವಿಯವರು ಬಂದರು. ಅಧಿಕಾರಿಯೊಬ್ಬರು ಹವಾಮಾನ ಕಾರಣ ಎಂದರು. ಇದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಎತ್ತದೆ ಉಳಿದ ಮೀನು ತಳದಲ್ಲಿ ಕೊಳೆತು ವಾಸನೆ ಮೊದಲಿನ ಎರಡರಷ್ಟಾಯಿತು. ಕಿಟಕಿಗಳ ಸಂದಿಗೆ ನಾನು ಟೇಪು ಹಚ್ಚಿದೆ. ಈ ಸಲ ಅವರು ಗಾಜು ಬಡಿಯಲಿಲ್ಲ. ಅದು ನನಗೆ ವಾಸನೆಗಿಂತ ಹೆಚ್ಚು ಭಯ ತಂದಿತು. ಎಡಗಾಲನ್ನು ನೆಲಕ್ಕೆ ಒತ್ತಿ ಒತ್ತಿ ಕುರ್ಚಿಯನ್ನು ತಾವೇ ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದರು.

ವಿಜಯಪುರದ ಹುಡುಗನಿಗೆ ಜನರೇಟರ್ ಒಯ್ದದ್ದಕ್ಕೆ ವಿವರಣೆ ಕೇಳಿ, ಕೊನೆಗೆ ಗುಜರಾತಿನ ಘಟಕಕ್ಕೆ ವರ್ಗ ಮಾಡಿದರು. ಹೊರಡುವ ಮುಂಚೆ ಮನೆಗೆ ಬಂದ. ಅಂಗೈಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಊಟಕ್ಕೆ ಕೂರಿಸಿದೆ. ಅರ್ಧ ಊಟದಲ್ಲಿ ನಿಲ್ಲಿಸಿ, "ಅಕ್ಕಾರ, ನಾ ಒಂದು ತಾಸು ಮೊದ್ಲ ಬಂದಿದ್ರ..." ಅಂದ.

"ಬಂದಿದ್ರೂ ಒಂದೇ ಮೆಷಿನ್ ಅಲ್ವಾ ತಿರುಗ್ತಿದ್ದದ್ದು? ಊಟ ಮಾಡು."

ಸಮಾಧಾನಕ್ಕೆಂದು ಆಡಿದ ಮಾತು, ಕೇಳಿದರೆ ಇನ್ನೂ ಕೆಟ್ಟದಾಗಿತ್ತು. ಅವನು ತಲೆ ಬಗ್ಗಿಸಿ ಉಂಡ.

ಜುಲೈನಲ್ಲಿ ನನ್ನ ಗಂಡನಿಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮುಚ್ಚಿದ ಮನೆ, ತೇವ, ವಾಸನೆ ಇವರಿಗೆ ಆಗುವುದಿಲ್ಲ, ಮನೆ ಬದಲಿಸಿ ಎಂದು ಡಾಕ್ಟರು ಹೇಳಿದರು. ಮಗಳು ಕಲ್ಯಾಣದಲ್ಲಿ ನೆಲಮಹಡಿಯ ಒಂದು ಬಾಡಿಗೆ ಮನೆ ನೋಡಿದಳು. ನಾನು ಬೇಡವೆಂದೆ. ಇಷ್ಟು ವರ್ಷದ ಮನೆ ಎಂದೆ, ನೆರೆಹೊರೆ ಎಂದೆ, ಹೋಟೆಲಿನವರು ಹತ್ತಿರವಿದ್ದಾರೆ ಎಂದೆ. ಅವಳು ಎಲ್ಲ ಕೇಳಿ, ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು, ಒಂದೊಂದೇ ಶಬ್ದ ಹುಡುಕಿ: "ಅಮ್ಮ, ಆ ಕೆರೆ ಸತ್ತಿದೆ. ಪಪ್ಪ ಸತ್ತಿಲ್ಲ."

ಆಗಸ್ಟಿನಲ್ಲಿ ನಾವು ಕಲ್ಯಾಣಕ್ಕೆ ಹೋದೆವು. ಹೊಸ ಮನೆಯ ಕಿಟಕಿಗೆ ಎದುರು ಇನ್ನೊಂದು ಕಟ್ಟಡದ ಗೋಡೆ, ನಡುವೆ ಸ್ಕೂಟರುಗಳು. ಅವರ ಉಸಿರು ಸರಿಹೋಯಿತು. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳುವ ಹಾಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಬಾಯಿಯ ಫೋನು ಬಂತು. ರಸ್ತೆ ಅಗೆದಿದ್ದಾರೆ, ಕುಸಿದ ಲೈನು ಬದಲಿಸುತ್ತಿದ್ದಾರೆ ಎಂದರು. ಅಷ್ಟು ಮೀನು ಸತ್ತ ಚಿತ್ರ ಎಲ್ಲರೂ ನೋಡಿದ ಮೇಲೆ ಮೂರು ಮೇಜುಗಳೂ ಒಟ್ಟಿಗೆ ಎದ್ದಿದ್ದವು. ಸತ್ತದ್ದಕ್ಕೆ ಆದದ್ದು, ಬದುಕಿದ್ದಾಗ ಆಗಲಿಲ್ಲ.

ಆ ಕೆಲಸ ಮುಗಿದ ಮೇಲೆ ಒಂದು ಭಾನುವಾರ ಮಗಳನ್ನು ಅಪ್ಪನ ಬಳಿ ಬಿಟ್ಟು, ಸ್ಲೋ ಲೋಕಲ್ ರೈಲು ಹಿಡಿದು ಡೊಂಬಿವಿಲಿ, ದಿವಾ, ಮುಂಬ್ರಾ ದಾಟಿ ಠಾಣೆಗೆ ಹೋದೆ. ದಡದಲ್ಲಿ ಬಾಯಿ ಒಬ್ಬರೇ ಇದ್ದರು. ಸೊರಗಿದ್ದರು. ಚರಂಡಿ ಒಣಗಿತ್ತು, ಅದನ್ನು ನೋಡಿ ನನಗೆ ಎದೆ ತುಂಬಿ ಬಂತು. ಆದರೆ ನೀರು ಹಾಗೇ ಇತ್ತು, ಕಪ್ಪಗೆ, ಎಣ್ಣೆ ಬಳಿದ ಹಾಗೆ. ತೆಪ್ಪದ ಗಿಡಗಳು ಒಣಗಿ ಕಡ್ಡಿಯಾಗಿದ್ದವು.

"ಲೈನು ಸರಿಯಾಯಿತಲ್ಲ ಬಾಯಿ, ಇನ್ನೂ ಯಾಕೆ ಹೀಗೆ?" ಎಂದು ಮರಾಠಿಯಲ್ಲಿ ಕೇಳಿದೆ.

ಇಷ್ಟು ವರ್ಷ ಬಿದ್ದದ್ದೆಲ್ಲ ತಳದಲ್ಲಿದೆ ಎಂದರು. ಹೂಳು ತೆಗೆಯಬೇಕು, ತೆಗೆದ ಮೇಲೂ ಬಹಳ ಕಾಲ ಬೇಕು. "ಮೀ ನಾಹೀ ಬಘಣಾರ್," ಅಂದರು. ನಾನಂತೂ ನೋಡುವುದಿಲ್ಲ. ನೀರು ತಿಳಿಯಾದದ್ದನ್ನು ತಾವು ನೋಡುವುದಿಲ್ಲವೆಂದು, ನಾಳೆ ಮಾರ್ಕೆಟ್ಟಿಗೆ ಹೋಗುವುದಿಲ್ಲ ಎನ್ನುವಷ್ಟೇ ಸಲೀಸಾಗಿ ಹೇಳಿದರು.

ಮತ್ತೆ ಯಾಕೆ ಬರುತ್ತೀರಿ ಎಂದು ಕೇಳಬೇಕೆನಿಸಿತು. ಆ ಪ್ರಶ್ನೆ ನನಗೂ ಸಲ್ಲುತ್ತಿತ್ತು, ಅದಕ್ಕೆ ಕೇಳಲಿಲ್ಲ.

ಅವರು ಕಸ ಎಳೆಯುವ ಬಲೆಯ ಒಂದು ತುದಿಯನ್ನು ನನ್ನ ಕಡೆಗೆ ಚಾಚಿ, "ಧರಾ," ಎಂದರು. ಹಿಡಿದುಕೊಂಡೆ. ಇಬ್ಬರೂ ಎಳೆದೆವು. ಭಾರವಿತ್ತು. ಪ್ಲಾಸ್ಟಿಕ್ ಚೀಲ, ಕೊಳೆತ ಮಾಲೆ, ಒಂದು ಮಗುವಿನ ಸ್ಯಾಂಡಲ್, ಕೆಸರಿನೊಳಗೆ ಮೀನಿನ ಮುಳ್ಳುಗಳು ಬಂದವು. ಅದನ್ನೆಲ್ಲ ದಡಕ್ಕೆ ಸುರಿದು ಬಲೆಯನ್ನು ಮತ್ತೆ ನೀರಿಗೆ ಬಿಟ್ಟೆವು.